ಆಕಾಶದಲ್ಲಿ ಹಾರಿದ್ದು ಯಾರದ್ದು?



ಈ ಮಾತುಗಳನ್ನು ಕಿರುತೆರೆಯ ಮೇಲೆ ಕೇಳಿದವರು ನಿಮ್ಮಲ್ಲಿ ಕೆಲವರಿರಬಹುದು. ಕಾರ್ಯಕ್ರಮದ ಅವಧಿ ಮುಗಿದುಹೋದದ್ದರಿಂದ ಹೇಳದೆ ಉಳಿದ ಸಂಗತಿಗಳನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ವಿಷಯ ಡ್ರೋನ್. ಅದನ್ನು ಹಾರಿಸುವುದು ಹೇಗೆ ಎಂಬುದಲ್ಲ, ಹಾರುತ್ತಿರುವುದು ಯಾರದ್ದು ಎಂದು ಕಂಡುಹಿಡಿಯುವುದು ಹೇಗೆ ಎಂಬುದು.

ಕುಣಿಗಲ್ಲಿನಿಂದ ಮದ್ದೂರಿನ ಕಡೆಗೆ ಹೊರಟರೆ ದಾರಿಯಲ್ಲಿ ಹುಲಿಯೂರುದುರ್ಗ ಸಿಗುತ್ತದೆ. ಊರಿಗೆ ಇನ್ನೂ ದೂರವಿರುವಾಗಲೇ ಬೋರಲು ಹಾಕಿದ ಬಟ್ಟಲಿನಂಥ ಒಂದು ಬಂಡೆಯ ಬೆಟ್ಟ ಕಣ್ಣಿಗೆ ಬೀಳುತ್ತದೆ. ಕೆಂಪೇಗೌಡರ ಹೆಸರಿನೊಂದಿಗೆ ಸೇರಿಕೊಂಡಿರುವ ಕೋಟೆಯ ಅವಶೇಷಗಳು ಅದರ ಮೇಲಿವೆ. ಕಲ್ಲುಕೋಟೆಗಳನ್ನು ಕುರಿತ ಒಂದು ಕಾರ್ಯಕ್ರಮಕ್ಕಾಗಿ ನಮ್ಮ ತಂಡ ಅಲ್ಲಿಗೆ ಹೋಗಿತ್ತು. ಅಂಥ ಬೆಟ್ಟವನ್ನು ನೆಲದ ಮೇಲೆ ನಿಂತು ಎಷ್ಟು ಚಿತ್ರೀಕರಿಸಿದರೂ ಅದರ ಆಕಾರ ಪೂರ್ತಿ ಹಿಡಿತಕ್ಕೆ ಬರುವುದಿಲ್ಲ. ಆದ್ದರಿಂದ ಬೆಂಗಳೂರಿನಿಂದ ಬಾಡಿಗೆಗೆ ಒಂದು ಡ್ರೋನ್ ತಂದಿದ್ದೆವು. ಅದನ್ನು ಹಾರಿಸುವ ಹುಡುಗನಿಗೆ ತರಬೇತಿ ಸಂಸ್ಥೆಯ ಪ್ರಮಾಣಪತ್ರವಿತ್ತು. ಡ್ರೋನಿಗೆ ನೋಂದಣಿ ಸಂಖ್ಯೆಯೂ ಇತ್ತು. ಎಲ್ಲವೂ ಸರಿಯಾಗಿದೆ ಎಂದೇ ನಾನು ತಿಳಿದಿದ್ದೆ.

ಪೆಟ್ಟಿಗೆ ಬಿಚ್ಚಿ ಇನ್ನೂ ರೆಕ್ಕೆ ಜೋಡಿಸುತ್ತಿದ್ದೆವು. ಹುಣಿಸೇಮರದ ಕೆಳಗೆ ಹಣ್ಣು ಕುಟ್ಟುತ್ತಿದ್ದ ಒಬ್ಬ ಅಜ್ಜಿ ಎದ್ದು ಬಂದರು.

"ಏನ್ ಸ್ವಾಮಿ, ನೆನ್ನೆ ಸಂಜೆ ನಮ್ಮನೆ ಮೇಲೆ ಗುಂಯ್ ಅಂತ ಸುತ್ತಿದ್ದು ಇದೇನಾ? ಹೆಣ್ಮಕ್ಳು ಹಿತ್ತಲಲ್ಲಿ ನೀರು ಹುಯ್ಕೊಳ್ಳೋ ಹೊತ್ತು."

"ಅಲ್ಲ ಅಜ್ಜಿ, ನಾವು ಬಂದದ್ದೇ ಇವತ್ತು ಬೆಳಿಗ್ಗೆ" ಎಂದೆ.

"ಎಲ್ಲಾರೂ ಹಂಗೇ ಅಂತಾರೆ. ಬೈಕಾದ್ರೆ ನಂಬರ್ ಇರ್ತದೆ, ನೋಡ್ಕೊಬೋದು. ಇದಕ್ಕೇನೈತೆ?"

ಇದಕ್ಕೂ ನಂಬರ್ ಇದೆ ಎಂದು ನಾನು ಡ್ರೋನನ್ನು ತಿರುಗಿಸಿ ತೋರಿಸಿದೆ. ಹೊಟ್ಟೆಯ ಭಾಗದಲ್ಲಿ ಬೆರಳಗಲದ ಒಂದು ಚೀಟಿ. ಅಜ್ಜಿ ಅದನ್ನು ನೋಡಿದರು, ತಲೆಯೆತ್ತಿ ಆಕಾಶವನ್ನೂ ನೋಡಿದರು. ಅವರು ಬೇರೇನೂ ಹೇಳಬೇಕಾಗಿರಲಿಲ್ಲ. ನೂರು ಮೀಟರ್ ಮೇಲೆ ಹಾರುವ ವಸ್ತುವಿನ ಹೊಟ್ಟೆಯ ಮೇಲಿನ ಚೀಟಿಯನ್ನು ಓದುವ ಕಣ್ಣು ಯಾರಿಗಿದೆ? ತುಮಕೂರು ಜಿಲ್ಲೆಯ ರಸ್ತೆಯಲ್ಲಿ ಕೆಎ 06 ಎಂಬ ಫಲಕ ಹೊತ್ತು ಓಡುವ ಬೈಕು ಯಾರಿಗಾದರೂ ಗುದ್ದಿ ಓಡಿಹೋದರೆ, ಕಂಡವರು ನಾಲ್ಕು ಅಂಕೆಯನ್ನಾದರೂ ಜ್ಞಾಪಕದಲ್ಲಿ ಇಟ್ಟುಕೊಂಡಾರು. ಆಕಾಶದಲ್ಲಿ ಆ ಅನುಕೂಲವಿಲ್ಲ.

ಅಷ್ಟರಲ್ಲಿ ಜನ ಸೇರಿದರು. ಯಾರೋ ಠಾಣೆಗೆ ಫೋನ್ ಮಾಡಿದರು, ಒಬ್ಬ ಪೇದೆ ಬಂದರು. ಬಹಳ ಸಮಾಧಾನದ ಮನುಷ್ಯ. ಕಾಗದ ಕೇಳಿದರು, ಕೊಟ್ಟೆವು. ಕಾಗದದಲ್ಲಿದ್ದ ಸರಣಿ ಸಂಖ್ಯೆಗಳನ್ನು ಒಂದೊಂದಾಗಿ ತಾಳೆ ನೋಡಿದರು. ಡ್ರೋನಿನ ಸಂಖ್ಯೆ ಹೊಂದಿತು. ಕೈಯಲ್ಲಿ ಹಿಡಿಯುವ ರಿಮೋಟಿನ ಸಂಖ್ಯೆ ಹೊಂದಲಿಲ್ಲ. ವಿಚಾರಿಸಿದರೆ, ಎರಡು ತಿಂಗಳ ಹಿಂದೆ ಹಳೆಯ ರಿಮೋಟು ನೀರಿಗೆ ಬಿದ್ದು ಕೆಟ್ಟಿತ್ತಂತೆ. ಬಾಡಿಗೆಗೆ ಕೊಟ್ಟವರು ಹೊಸದನ್ನು ಜೋಡಿಸಿದ್ದರು. ನೋಂದಣಿಯಲ್ಲಿ ಮಾತ್ರ ತಿದ್ದಿಸಿರಲಿಲ್ಲ. ಹೊರಡುವ ಮುಂಚೆ ನಾನೂ ತಾಳೆ ನೋಡಿರಲಿಲ್ಲ. ವಿಜ್ಞಾನ ಓದಿದವನು, ಇಪ್ಪತ್ತು ವರ್ಷ ಯಂತ್ರಗಳ ನಡುವೆ ಕೆಲಸ ಮಾಡಿದವನು, ಕಾಗದವನ್ನು ಕೇವಲ ಕಾಗದವೆಂದು ತಿಳಿದು ಚೀಲಕ್ಕೆ ಹಾಕಿಕೊಂಡು ಬಂದಿದ್ದೆ.

ಹಿಂದಿನ ದಿನ ನಮ್ಮ ಡ್ರೋನ್ ಹಾರಿಯೇ ಇಲ್ಲ ಎಂಬುದಕ್ಕೆ ಅದರ ಹಾರಾಟದ ದಾಖಲೆ ಸಾಕ್ಷಿ. ಹುಡುಗ ತನ್ನ ಫೋನಿನಲ್ಲಿ ಅದನ್ನು ತೆಗೆದು ತೋರಿಸಿದ. ಪೇದೆ ನಕ್ಕರು. "ಫೋನೂ ನಿಮ್ಮದೇ, ಲೆಕ್ಕವೂ ನಿಮ್ಮದೇ ಅಲ್ವಾ ಸಾರ್?" ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅಂದು ಡ್ರೋನ್ ಹಾರಿಸದೆ ವಾಪಸು ಬಂದೆವು.

ಆ ದಿನದವರೆಗೂ ಡ್ರೋನಿನ ಗುರುತು ಎಂದರೆ ಕಳ್ಳನನ್ನು ಹಿಡಿಯುವ ಸಾಧನ ಎಂದಷ್ಟೇ ನಾನು ಭಾವಿಸಿದ್ದೆ. ತಪ್ಪು ಮಾಡದವನಿಗೆ ಅದರ ಅಗತ್ಯ ಇನ್ನೂ ಹೆಚ್ಚು ಎಂದು ಹುಲಿಯೂರುದುರ್ಗದಿಂದ ಬರುವ ದಾರಿಯಲ್ಲಿ ತಿಳಿಯಿತು. ನಿನ್ನೆ ಸಂಜೆ ಹಾರಿದ್ದು ಯಾರದ್ದು ಎಂದು ಹೇಳುವ ವ್ಯವಸ್ಥೆ ಇದ್ದಿದ್ದರೆ, ಅದು ನಮ್ಮದಲ್ಲ ಎಂಬುದನ್ನೂ ಅದೇ ವ್ಯವಸ್ಥೆ ಹೇಳುತ್ತಿತ್ತು.

ಈಗ ನಿಯಮ ಏನು ಹೇಳುತ್ತದೆ ನೋಡೋಣ. ನಮ್ಮ ದೇಶದಲ್ಲಿ 2021ರ ಆಗಸ್ಟ್ 25ರಂದು ಡ್ರೋನ್ ನಿಯಮಗಳು ಪ್ರಕಟವಾದವು. ಅದಕ್ಕೆ ಎರಡು ತಿಂಗಳ ಹಿಂದೆ, ಜೂನ್ 27ರಂದು, ಜಮ್ಮುವಿನ ವಾಯುಪಡೆ ನೆಲೆಯ ಮೇಲೆ ಡ್ರೋನಿನಿಂದ ಸ್ಫೋಟಕ ಬಿದ್ದಿತ್ತು. ಇನ್ನಷ್ಟು ಬಿಗಿ ಮಾಡುತ್ತಾರೆಂದು ಅನೇಕರು ಅಂದುಕೊಂಡಿದ್ದರು. ಆದದ್ದು ಬೇರೆ. ನಮೂನೆಗಳ ಸಂಖ್ಯೆಯನ್ನೂ ಶುಲ್ಕವನ್ನೂ ಇಳಿಸಿದರು. ನೋಂದಣಿಯ ಶುಲ್ಕ ಕೇವಲ ನೂರು ರೂಪಾಯಿ ಎಂದಾಯಿತು. ನಿಯಮ ಕಷ್ಟವಾದಷ್ಟೂ ಜನ ಅದನ್ನು ತಪ್ಪಿಸಿಕೊಳ್ಳುತ್ತಾರೆ ಎಂಬ ತಿಳಿವಳಿಕೆ ಇದರ ಹಿಂದಿದ್ದಂತೆ ಕಾಣುತ್ತದೆ. ನನಗಂತೂ ಅದು ಸರಿಯಾದ ದಾರಿ ಎನಿಸುತ್ತದೆ.

ಈ ನಿಯಮಗಳು ಡ್ರೋನುಗಳನ್ನು ತೂಕದಿಂದ ವಿಂಗಡಿಸುತ್ತವೆ. 250 ಗ್ರಾಂವರೆಗೆ ನ್ಯಾನೋ, ಅಲ್ಲಿಂದ 2 ಕಿಲೋವರೆಗೆ ಮೈಕ್ರೋ, 25 ಕಿಲೋವರೆಗೆ ಸಣ್ಣದು. ಅದಕ್ಕೂ ಮೇಲಿನವು ನಮಗೆ ನಿಮಗೆ ಸಂಬಂಧಪಟ್ಟವಲ್ಲ. ಮದುವೆಯ ವಿಡಿಯೋದವರು ಬಳಸುವುದು ಹೆಚ್ಚಾಗಿ ಮೊದಲ ಎರಡು ವರ್ಗದವು. ಹೊಲಕ್ಕೆ ಔಷಧಿ ಸಿಂಪಡಿಸುವ ಡ್ರೋನುಗಳು ಸಾಮಾನ್ಯವಾಗಿ ಮೂರನೆಯ ವರ್ಗಕ್ಕೆ ಸೇರುತ್ತವೆ. ನ್ಯಾನೋ ಹಾರಿಸುವವರಿಗೂ, ಹವ್ಯಾಸಕ್ಕಾಗಿ ಮೈಕ್ರೋ ಹಾರಿಸುವವರಿಗೂ ಪೈಲಟ್ ಪ್ರಮಾಣಪತ್ರ ಬೇಡ. ದುಡ್ಡಿಗಾಗಿ ಮೈಕ್ರೋ ಹಾರಿಸಿದರೆ ಬೇಕು. ಅದನ್ನು ಪಡೆಯಲು ವಯಸ್ಸು 18ರಿಂದ 65ರೊಳಗಿರಬೇಕು, ಹತ್ತನೆಯ ತರಗತಿ ಪಾಸಾಗಿರಬೇಕು, ಅನುಮತಿ ಪಡೆದ ಸಂಸ್ಥೆಯಲ್ಲಿ ತರಬೇತಿ ಆಗಿರಬೇಕು. 249 ಗ್ರಾಂ ಎಂದು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವುದನ್ನು ನೀವು ನೋಡಿರಬಹುದು. ಅದು ಕಂಪನಿಯವರ ಜಾಣತನ. ಅದಕ್ಕೆ ದೊಡ್ಡ ಬ್ಯಾಟರಿಯನ್ನೋ ರೆಕ್ಕೆಗೆ ರಕ್ಷಾಬಳೆಯನ್ನೋ ಹಾಕಿದಿರಾದರೆ ತೂಕ ಗೆರೆ ದಾಟಿತು, ವರ್ಗವೂ ಬದಲಾಯಿತು. ಹಾರುವ ಸ್ಥಿತಿಯಲ್ಲಿ ತಕ್ಕಡಿಗೆ ಇಟ್ಟು ನೋಡುವುದು ಒಳ್ಳೆಯದು. ನಿಮ್ಮೂರಿನ ಅಕ್ಕಸಾಲಿಗರ ತಕ್ಕಡಿಯಾದರೂ ಆದೀತು.

ನೋಂದಣಿಯಾದ ಡ್ರೋನಿಗೆ ವಿಶಿಷ್ಟ ಗುರುತಿನ ಸಂಖ್ಯೆ ಸಿಗುತ್ತದೆ. ಇಂಗ್ಲಿಷಿನ ಮೊದಲಕ್ಷರಗಳನ್ನು ಸೇರಿಸಿ ಇದನ್ನು ಯುಐಎನ್ ಎನ್ನುತ್ತಾರೆ. ಡಿ–2 ಎಂಬ ನಮೂನೆಯನ್ನು ಗಣಕಯಂತ್ರದ ಮೂಲಕ ತುಂಬಬೇಕು. ಆದರೆ ಒಂದು ಅಂಶವನ್ನು ಗಮನಿಸಿ. ಈ ಸಂಖ್ಯೆ ಡ್ರೋನಿನ ಮೈಗೆ ಅಂಟಿಕೊಂಡದ್ದಲ್ಲ. ಡ್ರೋನಿನ ತಯಾರಕರು ಕೊಟ್ಟ ಸರಣಿ ಸಂಖ್ಯೆ, ಅದರೊಳಗಿನ ಹಾರಾಟ ನಿಯಂತ್ರಕದ ಸಂಖ್ಯೆ ಮತ್ತು ನೆಲದ ಮೇಲಿನ ರಿಮೋಟಿನ ಸಂಖ್ಯೆ, ಈ ಮೂರನ್ನೂ ಅದರೊಂದಿಗೆ ಗಂಟು ಹಾಕಿರುತ್ತಾರೆ. ನಿಯಂತ್ರಕವನ್ನೋ ರಿಮೋಟನ್ನೋ ಬದಲಾಯಿಸಿದರೆ ಏಳು ದಿನಗಳೊಳಗೆ, ಅಥವಾ ಅದಕ್ಕೂ ಮೊದಲೇ ಹಾರಿಸುವುದಾದರೆ ಹಾರಿಸುವ ಮುನ್ನ, ದಾಖಲೆಯಲ್ಲಿ ತಿದ್ದಿಸಬೇಕು. ನಾವು ಎಡವಿದ್ದು ಇಲ್ಲಿಯೇ. ತೆಂಗಿನ ಗರಿಗೆ ಬಡಿದು ಬಿದ್ದ ಡ್ರೋನನ್ನು ರಿಪೇರಿ ಮಾಡಿಸಿ ತಂದವರೆಲ್ಲ ಒಮ್ಮೆ ಕಾಗದ ತೆಗೆದು ನೋಡಿರಿ. ರಿಪೇರಿಯಾಗಿ ಬಂದದ್ದು ಹಳೆಯ ಡ್ರೋನೇ, ಆದರೆ ಕಾಗದದ ಮಟ್ಟಿಗೆ ಅದು ಬೇರೆಯದಾಗಿರಬಹುದು. ಹಾಗೆಯೇ ಮಾರಿದರೆ ಡಿ–3 ನಮೂನೆಯಲ್ಲಿ ಹೆಸರು ವರ್ಗಾಯಿಸಬೇಕು. ಇಲ್ಲವಾದರೆ ಕೊಂಡವನು ಮಾಡುವ ಪುಂಡಾಟಿಕೆಗೆ ಉತ್ತರ ಕೊಡಬೇಕಾದವರು ನೀವು. ಹಳೆಯ ಸ್ಕೂಟರ್ ಮಾರಿ ಈ ಫಜೀತಿ ಪಟ್ಟವರಿಗೆ ನಾನು ವಿವರಿಸಬೇಕಿಲ್ಲ.

ವಿದೇಶಿ ಡ್ರೋನುಗಳ ಮಾತು ಬೇರೆ. 2022ರ ಫೆಬ್ರವರಿ 9ರಿಂದ ಸಿದ್ಧ ಡ್ರೋನುಗಳ ಆಮದನ್ನು, ಸಂಶೋಧನೆ, ರಕ್ಷಣೆಯಂಥ ಉದ್ದೇಶಗಳ ಹೊರತು, ಸರ್ಕಾರ ನಿಷೇಧಿಸಿತು. ಆದರೂ ಬಿಲ್ಲಿಲ್ಲದೆ ಕೈಗೆ ಬರುವ ಯಂತ್ರಗಳಿಗೆ ಕೊರತೆಯಿಲ್ಲ. ಬಿಲ್ಲಿಲ್ಲದ್ದಕ್ಕೆ ನಂಬರ್ ಸಿಗುವುದಿಲ್ಲ, ನಂಬರ್ ಇಲ್ಲದ್ದನ್ನು ಹಾರಿಸುವಂತಿಲ್ಲ. ಸಾಲ ಮಾಡಿ ಅಂಥದ್ದೊಂದನ್ನು ಕೊಂಡ ಕುಣಿಗಲ್ ಕಡೆಯ ಒಬ್ಬ ವಿಡಿಯೋಗ್ರಾಫರ್ ಈಗ ಏನು ಮಾಡಲಿ ಎಂದು ನಮಗೆ ಪತ್ರ ಬರೆದಿದ್ದರು. ಅವರಿಗೆ ಹಿತವಾದ ಉತ್ತರ ನನ್ನ ಬಳಿ ಇರಲಿಲ್ಲ. ನಿಯಮ ಮುರಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಒಂದು ಮದುವೆಯ ಸಂಪಾದನೆಗೆ ಅಷ್ಟನ್ನು ಪಣಕ್ಕೆ ಒಡ್ಡಬೇಡಿ ಎಂದಷ್ಟೇ ಬರೆದೆ.

ಇಷ್ಟೆಲ್ಲ ಮಾಡಿದರೂ ಅಜ್ಜಿಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಸಂಖ್ಯೆ ಇಲಾಖೆಯ ಪುಸ್ತಕದಲ್ಲಿದೆ. ಕೆಳಗೆ ನಿಂತವರಿಗೆ ಅದು ಕಾಣುವ ಬಗೆ ಹೇಗೆ? ವಿದ್ಯುನ್ಮಾನ ಗುರುತು ಎಂಬ ಕಲ್ಪನೆ ಹುಟ್ಟಿದ್ದು ಇಲ್ಲಿ.

ಇದರ ಬೇರು ಎರಡನೆಯ ಮಹಾಯುದ್ಧದ ಕಾಲದಲ್ಲಿದೆ. ರೇಡಾರ್ ಪರದೆಯ ಮೇಲೆ ಒಂದು ಚುಕ್ಕೆ ಕಂಡಾಗ ಅದು ನಮ್ಮ ವಿಮಾನವೋ ಶತ್ರುವಿನದೋ ತಿಳಿಯುತ್ತಿರಲಿಲ್ಲ. ರೇಡಾರಿನ ಅಲೆ ತಾಗಿದೊಡನೆ ನಾನು ನಿಮ್ಮವನೇ ಎಂದು ಉತ್ತರಿಸುವ ಸಣ್ಣ ರೇಡಿಯೋ ಪೆಟ್ಟಿಗೆಯನ್ನು ವಿಮಾನಗಳಲ್ಲಿ ಇಟ್ಟರು. ಇಂದಿನ ಪ್ರಯಾಣಿಕ ವಿಮಾನಗಳು ತಮ್ಮ ಗುರುತು, ಎತ್ತರಗಳನ್ನು ಹೇಳುತ್ತ ಹೋಗುವುದು ಅದೇ ಸಾಧನದ ಸಂತತಿಯಿಂದ. ಡ್ರೋನಿನಲ್ಲಿ ಅಂಥ ಪೆಟ್ಟಿಗೆ ಇಡಲು ಜಾಗವಿಲ್ಲ. ಇಟ್ಟರೂ ಸಾವಿರಾರು ಡ್ರೋನುಗಳು ಒಟ್ಟಿಗೆ ಕೂಗಿಕೊಂಡರೆ ವಿಮಾನಗಳ ಮಾತು ಕೇಳಿಸದೆ ಹೋದೀತು. ಆದ್ದರಿಂದ ನಿಮ್ಮ ಜೇಬಿನ ಫೋನಿನಲ್ಲಿರುವ ಬ್ಲೂಟೂತ್, ವೈಫೈ ಅಲೆಗಳನ್ನೇ ಆರಿಸಿಕೊಂಡರು. ಡ್ರೋನ್ ಹಾರುವಷ್ಟು ಹೊತ್ತೂ ಸೆಕೆಂಡಿಗೊಮ್ಮೆ ತನ್ನ ಸಂಖ್ಯೆ, ಇರುವ ಜಾಗ, ಎತ್ತರ, ವೇಗ, ಜೊತೆಗೆ ಹಾರಿಸುವವನು ನಿಂತಿರುವ ಜಾಗ, ಇವಿಷ್ಟನ್ನು ಬಿತ್ತರಿಸುತ್ತದೆ. ಇಂಟರ್‌ನೆಟ್ ಬೇಕಿಲ್ಲ. ತಕ್ಕ ತಂತ್ರಾಂಶವಿರುವ ಫೋನನ್ನು ಕೆಳಗಿರುವವರು ಹಿಡಿದರೆ ಸಾಕು. ಆದರೆ ಈ ಅಲೆಗಳಿಗೆ ಬಂಡೆ ಅಡ್ಡಿ. ಹುಲಿಯೂರುದುರ್ಗದಂಥ ಬೆಟ್ಟದ ಆ ಬದಿಯಲ್ಲಿ ಹಾರುವ ಡ್ರೋನಿನ ದನಿ ಈ ಬದಿಗೆ ಕೇಳಿಸಲಾರದು.

ಇದರ ಅಗತ್ಯ ಜಗತ್ತಿಗೆ ಮನವರಿಕೆಯಾದ ಘಟನೆಗಳಲ್ಲಿ ಲಂಡನ್ನಿನ ಗ್ಯಾಟ್‌ವಿಕ್ ವಿಮಾನ ನಿಲ್ದಾಣದ್ದು ಒಂದು. 2018ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ಸಿಗೆ ಮುಂಚೆ, ರನ್‌ವೇ ಬಳಿ ಡ್ರೋನ್ ಕಂಡಿತೆಂಬ ವರದಿಯಿಂದ ಸುಮಾರು ಒಂದು ಸಾವಿರ ವಿಮಾನಗಳ ಸಂಚಾರ ಏರುಪೇರಾಯಿತು. ಸುಮಾರು 1,40,000 ಪ್ರಯಾಣಿಕರು ತೊಂದರೆಗೊಳಗಾದರು. ಡ್ರೋನೂ ಸಿಗಲಿಲ್ಲ, ಹಾರಿಸಿದವರೂ ಸಿಗಲಿಲ್ಲ. ಪೊಲೀಸರು ಬಂಧಿಸಿದ ಇಬ್ಬರನ್ನು ಆರೋಪವಿಲ್ಲದೆ ಬಿಟ್ಟುಬಿಡಬೇಕಾಯಿತು. ಹುಲಿಯೂರುದುರ್ಗದಲ್ಲಿ ನಮಗಾದದ್ದು ಅದರ ಬಹು ಸಣ್ಣ ಪ್ರತಿ.

ಜಪಾನಿನಲ್ಲಿ 2022ರ ಜೂನ್ 20ರಿಂದ 100 ಗ್ರಾಂ ಮತ್ತು ಮೇಲ್ಪಟ್ಟ ಡ್ರೋನುಗಳಿಗೆ ನೋಂದಣಿಯ ಜೊತೆಗೆ ಇಂಥ ಗುರುತು ಕಡ್ಡಾಯವಾಯಿತು. ಅಮೆರಿಕದಲ್ಲಿ 2023ರ ಸೆಪ್ಟೆಂಬರ್ 16 ಗಡುವು. ಉಪಕರಣ ಸಾಲದೆ ಬಂದದ್ದರಿಂದ 2024ರ ಮಾರ್ಚ್ 16ರವರೆಗೆ ಸಡಿಲ ಬಿಟ್ಟರು. ಹಳೆಯ ಡ್ರೋನಿಗೆ ಬೆಂಕಿಪೊಟ್ಟಣದಷ್ಟು ಚಿಕ್ಕ ಬಿತ್ತರಕವನ್ನು ಕಟ್ಟಿ ಹಾರಿಸುವ ಅವಕಾಶ ಅಲ್ಲಿದೆ. ಅದೂ ಇಲ್ಲದವರು ಗೊತ್ತುಮಾಡಿದ ಮೈದಾನಗಳಲ್ಲಿ ಮಾತ್ರ ಹಾರಿಸಬಹುದು. ಹಾರಿಸುವವನು ನಿಂತ ಜಾಗವನ್ನು ಊರಿಗೆಲ್ಲ ಸಾರುವುದು ಖಾಸಗಿತನದ ಉಲ್ಲಂಘನೆ ಎಂದು ಕೆಲವರು ನ್ಯಾಯಾಲಯಕ್ಕೂ ಹೋದರು. 2022ರ ಜುಲೈಯಲ್ಲಿ ನ್ಯಾಯಾಲಯ ನಿಯಮವನ್ನೇ ಎತ್ತಿಹಿಡಿಯಿತು. ಆದರೂ ಅವರ ಆತಂಕ ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ಒಂಟಿಯಾಗಿ ಹೊಲದ ಬದುವಿನಲ್ಲಿ ನಿಂತು ಡ್ರೋನ್ ಹಾರಿಸುವ ಹುಡುಗಿಯೊಬ್ಬಳ ಜಾಗ ಫೋನಿದ್ದ ಎಲ್ಲರಿಗೂ ತಿಳಿಯಬೇಕೇ? ಹೆಸರು, ವಿಳಾಸಗಳು ಅಧಿಕಾರಿಗಳಿಗೆ ಮಾತ್ರ ಸಿಗುತ್ತವೆ ಎಂಬುದು ಅಲ್ಲಿನ ಏರ್ಪಾಟು. ನಮ್ಮಲ್ಲಿಯೂ ಇದನ್ನು ಯೋಚಿಸಿಯೇ ಮಾಡಬೇಕಾಗುತ್ತದೆ. ಸ್ವಸಹಾಯ ಸಂಘಗಳ ಮಹಿಳೆಯರಿಗೆ ಡ್ರೋನ್ ಕೊಡುವ ಯೋಜನೆಗೆ 2023ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದೆಯಲ್ಲ.

ನಮ್ಮ 2021ರ ನಿಯಮಗಳು ಈ ವಿಷಯವನ್ನು ಮರೆತಿಲ್ಲ. ಅನುಮತಿ ಇಲ್ಲದೆ ಮೇಲೇಳದಂತೆ ತಡೆಯುವ ವ್ಯವಸ್ಥೆ, ಜಾಗ, ಎತ್ತರ, ವೇಗ ಮತ್ತು ಗುರುತಿನ ಸಂಖ್ಯೆಯನ್ನು ಆಗಿಂದಾಗಲೇ ತಿಳಿಸುವ ಸಾಧನ, ನಿಷಿದ್ಧ ಪ್ರದೇಶಕ್ಕೆ ಹೋಗದಂತೆ ಕಟ್ಟುವ ಬೇಲಿ, ಈ ಮೂರನ್ನೂ ಕೇಂದ್ರ ಸರ್ಕಾರ ಅಧಿಸೂಚನೆಯ ಮೂಲಕ ಕಡ್ಡಾಯ ಮಾಡಬಹುದು ಎಂದಿದೆ. ಹಾಗೆ ಮಾಡಿದಾಗ ಅಳವಡಿಸಿಕೊಳ್ಳಲು ಕನಿಷ್ಠ ಆರು ತಿಂಗಳ ಕಾಲಾವಕಾಶ ಕೊಡಬೇಕೆಂದೂ ಇದೆ. 2025ರ ಸೆಪ್ಟೆಂಬರಿನಲ್ಲಿ ಡ್ರೋನುಗಳಿಗೇ ಮೀಸಲಾದ ಒಂದು ವಿಧೇಯಕದ ಕರಡನ್ನು ಸರ್ಕಾರ ಪ್ರಕಟಿಸಿ ಜನರ ಅಭಿಪ್ರಾಯ ಕೇಳಿತು. ಆದ್ದರಿಂದ ಹೊಸ ಡ್ರೋನ್ ಕೊಳ್ಳುವವರು ಅಂಗಡಿಯವರನ್ನು ಎರಡು ಪ್ರಶ್ನೆ ಕೇಳಿರಿ. ಇದಕ್ಕೆ ಮಾದರಿ ಪ್ರಮಾಣಪತ್ರ ಇದೆಯೇ? ಗುರುತು ಬಿತ್ತರಿಸುವ ಸೌಲಭ್ಯ ಇದರಲ್ಲಿದೆಯೇ, ಅಥವಾ ಮುಂದೆ ಸೇರಿಸಬಹುದೇ?

ಇನ್ನು ಎತ್ತರದ ವಿಷಯ. ಬೆಟ್ಟದೂರಿನವರು ಇದನ್ನು ತಪ್ಪದೆ ತಿಳಿದಿರಬೇಕು. ನಕಾಶೆಯಲ್ಲಿ ಹಸಿರು ಬಣ್ಣದಲ್ಲಿರುವ ಪ್ರದೇಶದಲ್ಲಿ 400 ಅಡಿ, ಅಂದರೆ 120 ಮೀಟರ್‌ವರೆಗೆ, ಹಾರಾಟಕ್ಕೆ ಮುಂಗಡ ಅನುಮತಿ ಬೇಡ. ಹಳದಿಯಾದರೆ ವಾಯು ಸಂಚಾರ ನಿಯಂತ್ರಣದವರ, ಕೆಂಪಾದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಈ 120 ಮೀಟರ್ ಲೆಕ್ಕ ನೆಲದಿಂದ. ಆದರೆ ನಿಮ್ಮ ರಿಮೋಟಿನ ಪರದೆ ಸಾಮಾನ್ಯವಾಗಿ ತೋರಿಸುವುದು ನೀವು ಹಾರಿಸಿದ ಜಾಗದಿಂದ ಎಷ್ಟು ಎತ್ತರ ಎಂಬುದನ್ನು. ಬೆಟ್ಟದ ನೆತ್ತಿ ಊರಿಗಿಂತ ನೂರು ಮೀಟರ್ ಮೇಲಿದೆ ಎಂದಿಟ್ಟುಕೊಳ್ಳಿ. ನೆತ್ತಿಯ ಮೇಲೆ ನಿಂತು ಐವತ್ತು ಮೀಟರ್ ಮೇಲಕ್ಕೆ ಕಳಿಸಿ, ಹಾಗೆಯೇ ಊರಿನ ಕಡೆಗೆ ಸರಿಸಿದಿರಿ. ಪರದೆ ಐವತ್ತು ಎನ್ನುತ್ತಲೇ ಇರುತ್ತದೆ, ಕೆಳಗಿನ ನೆಲದಿಂದ ಡ್ರೋನ್ ನೂರೈವತ್ತರಲ್ಲಿದೆ. ನಿಯಮ ಮುರಿದದ್ದು ನಿಮಗೇ ತಿಳಿಯದು. ಇದೇ ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಗಿದೆ. ಹೆಲಿಕಾಪ್ಟರ್‌ಗಳು ವಿಮಾನಗಳಷ್ಟು ಮೇಲೆ ಹಾರುವುದಿಲ್ಲ. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಡ್ರೋನ್ ಹಾರಿಸುವವರು ಪ್ರತಿ ಸಲವೂ ನಕಾಶೆ ತೆರೆದು ಬಣ್ಣ ನೋಡುವುದು ಕ್ಷೇಮ. ಬಣ್ಣ ಬದಲಾಗುತ್ತಿರುತ್ತದೆ.

ಕೆಳಗಿರುವವರಿಗೂ ಒಂದು ಮಾತು. ಮನೆಯ ಮೇಲೆ ಡ್ರೋನ್ ಸುತ್ತಿದರೆ ಕಲ್ಲು ಬೀಸಬೇಡಿ. ಅದರ ಲಿಥಿಯಂ ಬ್ಯಾಟರಿ ಹುಲ್ಲಿನ ಬಣವೆಯ ಮೇಲೆ ಬಿದ್ದು ಹೊತ್ತಿಕೊಂಡರೆ ನಷ್ಟ ನಿಮ್ಮದೇ. ಸಮಯ ಬರೆದಿಟ್ಟುಕೊಳ್ಳಿ, ಬಂದ ದಿಕ್ಕು, ಹೋದ ದಿಕ್ಕು ಗುರುತಿಸಿ, ಸಾಧ್ಯವಾದರೆ ಫೋನಿನಲ್ಲಿ ಚಿತ್ರ ತೆಗೆಯಿರಿ, ಠಾಣೆಗೆ ತಿಳಿಸಿ. ಸಣ್ಣ ಡ್ರೋನಿನ ಬ್ಯಾಟರಿ ಸಾಮಾನ್ಯವಾಗಿ ಅರ್ಧ ಗಂಟೆಗಿಂತ ಹೆಚ್ಚು ಬಾಳುವುದಿಲ್ಲ. ಅದು ಇಳಿಯಲೇಬೇಕು, ಇಳಿಯುವ ಜಾಗ ದೂರವಿರುವುದಿಲ್ಲ. ಹೆಂಗಸರ ಖಾಸಗಿ ಚಿತ್ರ ತೆಗೆಯುವುದು ಡ್ರೋನ್ ನಿಯಮದ ಮಾತಲ್ಲ, ಭಾರತೀಯ ನ್ಯಾಯ ಸಂಹಿತೆಯಲ್ಲೇ ಅದು ಅಪರಾಧ.

ಮೂರು ವಾರಗಳ ನಂತರ ನಾವು ಮತ್ತೆ ಹುಲಿಯೂರುದುರ್ಗಕ್ಕೆ ಹೋದೆವು. ರಿಮೋಟಿನ ಸಂಖ್ಯೆ ದಾಖಲೆಯಲ್ಲಿ ಸರಿಯಾಗಿತ್ತು. ಬಿತ್ತರಕ ನಮ್ಮ ಡ್ರೋನಿನಲ್ಲಿ ಇಲ್ಲವಾದ್ದರಿಂದ ಹಳೆಯ ಕಾಲದ ಉಪಾಯ ಮಾಡಿದೆವು. ಹಾರಿಸುವ ದಿನ, ವೇಳೆ, ಡ್ರೋನಿನ ಸಂಖ್ಯೆ, ನನ್ನ ಹೆಸರು, ಫೋನ್ ನಂಬರ್ ಎಲ್ಲವನ್ನೂ ದಪ್ಪ ಅಕ್ಷರದಲ್ಲಿ ಬರೆದು ಹಿಂದಿನ ದಿನವೇ ಪಂಚಾಯಿತಿ ಕಟ್ಟೆ, ಬಸ್ ನಿಲ್ದಾಣ ಮತ್ತು ಒಂದು ಟೀ ಅಂಗಡಿಯಲ್ಲಿ ಅಂಟಿಸಿದೆವು. ಠಾಣೆಗೂ ಒಂದು ಪ್ರತಿ ಕೊಟ್ಟೆವು. ಹಾರಿಸುವ ಹುಡುಗನಿಗೆ ಕಿತ್ತಳೆ ಬಣ್ಣದ ಅಂಗಿ ತೊಡಿಸಿ ಎಲ್ಲರಿಗೂ ಕಾಣುವಂತೆ ದಿಬ್ಬದ ಮೇಲೆ ನಿಲ್ಲಿಸಿದೆವು.

ಅಜ್ಜಿ ಮೊಮ್ಮಗನನ್ನು ಕರೆದುಕೊಂಡು ಬಂದಿದ್ದರು. ಅವನಿಂದ ಚೀಟಿಯ ಸಂಖ್ಯೆಯನ್ನು ಒಂದೊಂದೇ ಅಕ್ಷರ ಓದಿಸಿ, ಡ್ರೋನಿನ ಹೊಟ್ಟೆಯ ಮೇಲಿನದರೊಂದಿಗೆ ತಾಳೆ ನೋಡಿಸಿದರು. ಆಮೇಲೆ, "ಆಯ್ತು, ಹಾರ್ಸಿ. ನಮ್ಮ ಹುಣಿಸೇಮರ ಚೆಂದಾಗಿ ಬರ್ಲಿ, ಹಿತ್ತಲು ಬ್ಯಾಡ" ಎಂದರು. ಕಾರ್ಯಕ್ರಮದಲ್ಲಿ ಆ ಮರ ಮೂರು ಸೆಕೆಂಡು ಬಂದಿದೆ.